ಹಿರೇಬೆಣಕಲ್, ಆನೆಗೊಂದಿ ಗುಡ್ಡಗಳಿಗೆ ಸಣ್ಣ ಗುಂಪು ಕಟ್ಕೊಂಡು ಹೋಗೋದು ಹ್ಯಾಂಗ: ಮೊದಲಿಂದ ಕೊನೀತನಕ

ಕೊಪ್ಪಳ-ಗಂಗಾವತಿ ಕಡೆ ಗುಡ್ಡ ನೋಡಾಕ ಬಂದೋರು ಭಾಳ ಮಂದಿ ಹೇಳೋ ಮಾತು ಒಂದ ಐತಿ: ಹಿರೇಬೆಣಕಲ್‌ಗೆ ಹೋಗಿದ್ವಿ, ದಾರಿ ತಪ್ತು, ನೀರು ಖಾಲಿ ಆತು, ಕಲ್ಮನಿ (ಕಬ್ಬಿಣಯುಗದ ಮಂದಿ ಸತ್ತೋರ ನೆನಪಿಗೆ ಹಾಸುಗಲ್ಲಿನಿಂದ ಕಟ್ಟಿದ್ದು) ಕಾಣದ ವಾಪಸ್ ಬಂದ್ವಿ. ಬಿಡಿಸಿ ಕೇಳಿದ್ರ ಎಲ್ಲಾರ್ದೂ ಅದ ಕ್ರಮ, ಮುಂಜಾನೆ ತಣ್ಣಗಿದ್ದಾಗ ಅಂಜನಾದ್ರಿ ಹತ್ತಿರ್ತಾರ, ಆಮ್ಯಾಲ ಸಾಣಾಪುರ ಕೆರಿಯಾಗ ಹರಿಗೋಲು, ಅಲ್ಲೇ ನಾಷ್ಟಾ, ಫೋಟೋ, ಅಷ್ಟೆಲ್ಲಾ ಮುಗಿಸಿ ಹನ್ನೆರಡು ಗಂಟೆ ಬಿಸಲಾಗ ಹಿರೇಬೆಣಕಲ್ ಗುಡ್ಡದ ಬುಡಕ್ಕ ಬಂದು ನಿಲ್ತಾರ. ಮೆಟ್ಟಿಲು ಇರೋ ಬೆಟ್ಟಕ್ಕ ಒಳ್ಳೆ ಹೊತ್ತು ಕೊಟ್ಟು, ದಾರಿನೇ ಇಲ್ಲದ ಗುಡ್ಡಕ್ಕ ಉರಿಬಿಸಲು ಕೊಟ್ರ ಹಿಂಗ ಆಗ್ತೈತಿ. ಅದಕ್ಕ ಇಲ್ಲಿ ಯಾವ ರಾಜ ಏನು ಕಟ್ಟಿಸಿದ ಅನ್ನೋದಕ್ಕಿಂತ ಯಾವುದನ್ನ ಮೊದಲು ಮಾಡ್ಬೇಕು, ಯಾವುದನ್ನ ಆಮ್ಯಾಲ, ಏನು ಒಯ್ಬೇಕು, ಯಾವಾಗ ವಾಪಸ್ ತಿರುಗ್ಬೇಕು ಅನ್ನೋದನ್ನ ಬರದೀನಿ.

## 1. ಗುಂಪು ಕಟ್ಟೋದು: 6ರಿಂದ 8 ಮಂದಿ, ಒಂದು ಗಾಡಿ

ಆರಕ್ಕಿಂತ ಕಡಿಮಿ ಆದ್ರ ಗಾಡಿ ಖರ್ಚು ತಲೀಗೆ ಜಾಸ್ತಿ ಬೀಳ್ತೈತಿ, ಎಂಟಕ್ಕಿಂತ ಹೆಚ್ಚಾದ್ರ ಗುಡ್ಡದಾಗ ಒಬ್ರಿಗೊಬ್ರು ಕಾಣಂಗಿಲ್ಲ. ಹತ್ತು-ಹನ್ನೆರಡು ಮಂದಿ ಗುಂಪು ಬಂಡಿ (ದೊಡ್ಡ ಕಲ್ಲು) ನಡುವ ಹೋದ್ರ ತಾನಾಗೇ ಎರಡು ಗುಂಪು ಆಗ್ತೈತಿ, ಮುಂದಿನೋರು ಹಿಂದಿನೋರು ಬರ್ತಾರಂತ ಹೋಗ್ತಾನೇ ಇರ್ತಾರ, ಹಿಂದಿನೋರು ಮುಂದಿನೋರು ಎಡಕ್ಕ ಹೋದ್ರೋ ಬಲಕ್ಕ ಹೋದ್ರೋ ಗೊತ್ತಿಲ್ಲದ ನಿಂತಿರ್ತಾರ.

ಎಂಟು ಮಂದಿಗೆ ಒಂದು ಕ್ರೂಸರ್ ಸಾಕು, ಸಾಮಾನಿಗೂ ಜಾಗ ಉಳೀತೈತಿ. ಎರಡು ಕಾರು ಮಾಡ್ಬ್ಯಾಡ್ರಿ, ಒಂದು ಚಾ ಕುಡ್ಯಾಕ ನಿಂತ್ರ ಇನ್ನೊಂದು ಅರ್ಧ ತಾಸು ಕಾಯ್ಬೇಕು, ಹಿಂಗ ಆಗಿ ಆಗಿ ಮುಂಜಾನೆ ಹೊತ್ತು ರಸ್ತೆದಾಗ ಹೋಗ್ತೈತಿ.

ಹೊರಡೋ ಮೊದಲೇ ಮೂರು ಕೆಲಸ ಮೂವರಿಗೆ ಹಚ್ರಿ. ಒಬ್ರು ಮುಂದ ನಡಿಯೋರು. ಒಬ್ರು ಎಲ್ಲಾರಕಿಂತ ಹಿಂದ ಬರೋರು, ಇವರನ್ನ ದಾಟಿ ಹಿಂದ ಯಾರೂ ಉಳೀಬಾರ್ದು. ಇನ್ನೊಬ್ರು ರೊಕ್ಕದ ಲೆಕ್ಕ ಹಿಡಿಯೋರು. ಹಿಂದ ಬರೋರು ಗುಂಪಿನಾಗ ಗಟ್ಟಿ ಇದ್ದೋರೇ ಆಗ್ಬೇಕು. ಸುಸ್ತಾದೋರನ್ನ ಹಿಂದ ಬಿಟ್ಟು ಗಟ್ಟಿ ಇದ್ದೋರೆಲ್ಲಾ ಮುಂದ ಓಡೋದು ನಮ್ಮ ಕಡೆ ಗುಂಪುಗಳ ದೊಡ್ಡ ತಪ್ಪು.

ಮೊಣಕಾಲು ನೋವು, ಬಿಪಿ, ಸಕ್ಕರಿ ಕಾಯಿಲೆ, ಎತ್ತರಕ್ಕ ಹೋದ್ರ ತಲಿ ತಿರುಗೋದು, ಯಾರಿಗೆ ಏನು ಐತಿ ಅನ್ನೋದನ್ನ ಮೊದಲೇ ಬಾಯಿಬಿಟ್ಟು ಕೇಳ್ರಿ. ಅವ್ವ-ಅಪ್ಪ ವಯಸ್ಸಿನೋರು ಬರ್ತಾರಂದ್ರ ಅವರು ಹಿರೇಬೆಣಕಲ್ ದಿನ ಗಂಗಾವತಿ ರೂಮಿನಾಗೇ ಇದ್ದು, ಉಳಿದ ಎರಡು ದಿನ ಜೊತಿ ಬರ್ಲಿ, ಅದ್ರಾಗ ಬೇಜಾರು ಮಾಡ್ಕೊಳ್ಳೋದು ಏನೂ ಇಲ್ಲ.

## 2. ತಿಂಗಳು ಮತ್ತ ವಾರ ಆರಿಸೋದು

ನವೆಂಬರ್‌ದಿಂದ ಫೆಬ್ರವರಿ ನಡುವ ಬರ್ರಿ. ಮಾರ್ಚ್ ಅರ್ಧ ಆದ್ಮ್ಯಾಲ ಇಲ್ಲಿ ಬಂಡಿ ಕಾಯ್ತಾವು, ಏಪ್ರಿಲ್-ಮೇ ತಿಂಗಳಾಗ 40 ಡಿಗ್ರಿ ದಾಟ್ತೈತಿ, ಬಂಡಿ ಮ್ಯಾಲ ಅದಕ್ಕಿಂತ ಹೆಚ್ಚು, ಕಲ್ಲು ಸಂಜಿ ಆದ್ರೂ ಬಿಸಿ ಕಾರ್ತಾನೇ ಇರ್ತೈತಿ. ಮಳಿಗಾಲದಾಗ ಹಸರು ಚೆಂದ ಖರೆ, ಆದ್ರ ಬಂಡಿ ಪಾಚಿ ಕಟ್ಟಿ ಜಾರ್ತಾವು, ಮತ್ತ ತುಂಗಭದ್ರಾ (ಟಿಬಿ) ಡ್ಯಾಂದಿಂದ ನದಿಗೆ ನೀರು ಬಿಟ್ರ ಆನೆಗೊಂದಿ ಕಡೆ ದೋಣಿ ಬಂದ್ ಮಾಡ್ತಾರ.

ಶನಿವಾರ ಅಂಜನಾದ್ರಿ ಬ್ಯಾಡ, ಭಕ್ತರ ಗದ್ದಲ. ಡಿಸೆಂಬರ್‌ದಾಗ ಹನುಮಮಾಲೆ ವಿಸರ್ಜನೆ ಇದ್ದಾಗಂತೂ ಗಂಗಾವತಿ ರಸ್ತೆನೇ ತುಂಬಿರ್ತೈತಿ, ಮಾಲೆ ಹಾಕಿದೋರ ಜೊತಿ ಹೋಗೋದಿದ್ರ ಬ್ಯಾರೆ ಮಾತು. ಜನವರಿದಾಗ ಕೊಪ್ಪಳ ಗವಿಸಿದ್ಧೇಶ್ವರ ಜಾತ್ರಿ, ಆ ವಾರ ಊರಾಗ ರೂಮ್ ಸಿಗೋದು ಕಷ್ಟ, ಜಾತ್ರಿಗಂತನ ಬರೋದಿದ್ರ ಮಾತ್ರ ಆ ವಾರ ಇಟ್ಕೊಳ್ರಿ, ಗುಡ್ಡಕ್ಕ ಬ್ಯಾರೆ ವಾರ ನೋಡ್ರಿ.

## 3. ಕ್ರಮ: ಇದನ್ನ ತಿರುವು ಮುರುವು ಮಾಡ್ಬ್ಯಾಡ್ರಿ

ಎರಡು ರಾತ್ರಿ ಬೇಕು. ಶುಕ್ರವಾರ ಮಧ್ಯಾಹ್ನ ಶುರು ಮಾಡಿದ್ರ ರವಿವಾರ ಮಧ್ಯಾಹ್ನಕ್ಕ ಮುಗೀತೈತಿ.

ಶುಕ್ರವಾರ ಸಂಜಿ ಕೊಪ್ಪಳ, ರಾತ್ರಿ ಗಂಗಾವತಿ. ಶನಿವಾರ ಬೆಳಕು ಹರದ ಕೂಡ್ಲೇ ಹಿರೇಬೆಣಕಲ್, ಮಧ್ಯಾಹ್ನ ಪೂರ್ತಿ ರೆಸ್ಟ್, ಸಂಜಿಗೆ ಆನೆಗೊಂದಿ, ರಾತ್ರಿ ಅಲ್ಲೇ. ರವಿವಾರ ನಸುಕಿನಾಗ ಅಂಜನಾದ್ರಿ, ಆಮ್ಯಾಲ ಪಂಪಾ ಸರೋವರ, ನವಬೃಂದಾವನ (ಹೊಳಿ ನಡುಗಡ್ಡಿಯಾಗ ಒಂಬತ್ತು ಮಾಧ್ವ ಯತಿಗಳ ಬೃಂದಾವನ ಇರೋ ಜಾಗ), ಊಟ ಮಾಡಿ ಊರಿಗೆ.

ಹಿಂಗ ಇಟ್ಟಿದ್ದಕ್ಕ ಕಾರಣ ಐತಿ. ಕಷ್ಟದ ಗುಡ್ಡ ಎರಡನೇ ದಿನ ಮುಂಜಾನೆ ಬರ್ತೈತಿ, ಅಂದ್ರ ಒಂದು ಸಂಜಿ ಸಣ್ಣ ಗುಡ್ಡ ಹತ್ತಿ ಯಾರ ಕಾಲು ಎಷ್ಟು ಗಟ್ಟಿ ಅಂತ ಗೊತ್ತಾಗಿರ್ತೈತಿ, ರಾತ್ರಿ ನಿದ್ದಿನೂ ಆಗಿರ್ತೈತಿ. ಗಂಗಾವತಿಯಿಂದ ಹಿರೇಬೆಣಕಲ್ ಪಶ್ಚಿಮಕ್ಕ 10 ಕಿಲೋಮೀಟರ್ ಸುಮಾರು ಅಷ್ಟ, ಅಲ್ಲಿ ಮಲಗಿದ್ರ ನಸುಕಿನಾಗ ದೂರ ಗಾಡಿ ಓಡ್ಸೋ ಕೆಲಸ ಇಲ್ಲ. ಹಂಪಿಯಾಗ ಮಲಗಿ ಮುಂಜಾನೆ ಇಲ್ಲಿಗೆ ಬರ್ತೀವಿ ಅನ್ನೋರು ಏಳೋದು ಆರಕ್ಕ, ಗುಡ್ಡ ಮುಟ್ಟೋದು ಒಂಬತ್ತಕ್ಕ.

ಇನ್ನೊಂದು ತಪ್ಪು, ಇದರಾಗೇ ಹಂಪಿ, ಇಟಗಿ ಮಹಾದೇವ ಗುಡಿ, ಮಸ್ಕಿ ಶಾಸನ, ಮುದಗಲ್ ಕೋಟಿ ಎಲ್ಲಾ ತುಂಬೋದು. ಮಸ್ಕಿ ಶಾಸನ 1915ರಾಗ ಸಿಕ್ತು, ಅಶೋಕ ಅನ್ನೋ ಹೆಸರೇ ಅದರಾಗ ಐತಿ, ನೋಡ್ಲೇಬೇಕಾದ್ದು. ಆದ್ರ ಅದು ರಾಯಚೂರು ಜಿಲ್ಲೆ, ಅದಕ್ಕೂ ಮುದಗಲ್‌ಗೂ ಸೇರಿಸಿ ಬ್ಯಾರೆ ಒಂದು ದಿನ ಇಡ್ರಿ.

## 4. ಏನೇನು ಒಯ್ಬೇಕು

ನೀರು ತಲೀಗೆ 3 ಲೀಟರ್. ಇದು ಹಿರೇಬೆಣಕಲ್ ಮುಂಜಾನಿಗೆ ಮಾತ್ರ, ಪೂರ್ತಿ ದಿನದ್ದಲ್ಲ. ಮ್ಯಾಲ ಅಂಗಡಿ ಇಲ್ಲ, ನಲ್ಲಿ ಇಲ್ಲ. ಹೊಂಡದ ನೀರು ಐತಿ, ಅದು ಕುಡಿಯೋ ನೀರಲ್ಲ.

ಓಆರ್‌ಎಸ್ ಪಾಕೀಟು ತಲೀಗೆ ಎರಡು, ಟೋಪಿ ಇಲ್ಲಾ ಟವೆಲ್, ಉದ್ದ ತೋಳಿನ ಅಂಗಿ, ದಪ್ಪ ಪ್ಯಾಂಟು. ಜಾಲಿ ಮುಳ್ಳು ಚಡ್ಡಿ ಹಾಕ್ಕೊಂಡೋರನ್ನ ಬಿಡಂಗಿಲ್ಲ. ಬೂಟಿನ ತಳ ಹಿಡಿತ ಇರ್ಬೇಕು, ಸವೆದ ಬೂಟು, ಚಪ್ಪಲಿ ಎರಡೂ ಬ್ಯಾಡ. ಮುಂದಿನೋರ ಹತ್ರ ಒಂದು, ಹಿಂದಿನೋರ ಹತ್ರ ಒಂದು ಸೀಟಿ. ಒಂದು ಊದಿದ್ರ ನಿಲ್ರಿ, ಮೂರು ಊದಿದ್ರ ತೊಂದ್ರಿ ಐತಿ ಬರ್ರಿ, ಇಷ್ಟು ಮಾತಾಡ್ಕೊಂಡಿರ್ರಿ.

ಟಾರ್ಚು, ಕ್ರೇಪ್ ಬ್ಯಾಂಡೇಜು, ಮುಳ್ಳು ಕೀಳೋ ಚಿಮಟ, ಪವರ್ ಬ್ಯಾಂಕು. ಮೊಬೈಲಿನಾಗ ಮ್ಯಾಪು ರಾತ್ರೀನೇ ಡೌನ್‌ಲೋಡ್ ಮಾಡಿ ಇಟ್ಕೊಳ್ರಿ, ಬಂಡಿ ಸಂದಿಯಾಗ ನೆಟ್‌ವರ್ಕ್ ಬಂದು ಬಂದು ಹೋಗ್ತೈತಿ. ಚಿಲ್ಲರೆ ನೋಟು ಇರ್ಲಿ, ಎಲ್ಲಾ ಕಡೆ ಫೋನ್‌ಪೇ ನಂಬ್ಕೊಂಡು ಹೋಗ್ಬ್ಯಾಡ್ರಿ.

ಬುತ್ತಿಗೆ ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ, ಬೆಲ್ಲ. ಕೆಡಂಗಿಲ್ಲ, ಹಗುರ, ಕೈಯಾಗ ಹಿಡ್ಕೊಂಡು ತಿನ್ನಬಹುದು. ಅನ್ನದ ಡಬ್ಬಿ ಒಯ್ದ್ರ ಹೊರೋದೂ ಕಷ್ಟ, ಬಿಸಲಿಗೆ ಹಳಸ್ತೈತಿ. ಬಾಳೆಹಣ್ಣು ಅಂಜನಾದ್ರಿಗೆ ಒಯ್ಯಲೇಬ್ಯಾಡ್ರಿ, ಅಲ್ಲಿ ಮಂಗ್ಯಾ ಚೀಲ ಸಮೇತ ಕಸ್ಕೊಂಡು ಹೋಗ್ತಾವು.

## 5. ಊರಿನ ಒಬ್ರನ್ನ ಜೊತಿಗೆ ಕರ್ಕೊಳ್ಳೋದು

ಭಾಳ ಮಂದಿ ಬಿಟ್ಟುಬಿಡೋ ಹೆಜ್ಜಿ ಇದ. ಮ್ಯಾಪಿನಾಗ ಚುಕ್ಕಿ ಐತಲ್ಲ ಅಂತ ಹೋಗ್ತಾರ. ಚುಕ್ಕಿ ಸರಿನೇ ಇರ್ತೈತಿ, ಆದ್ರ ಅಲ್ಲಿಗೆ ಯಾವ ಬಂಡಿ ಬಳಸಿ ಹೋಗ್ಬೇಕು, ಎಲ್ಲಿ ಮುಳ್ಳುಕಂಟಿ ದಾಟಬಹುದು ಅನ್ನೋದನ್ನ ಚುಕ್ಕಿ ಹೇಳಂಗಿಲ್ಲ.

ಹಿಂದಿನ ದಿನ ಸಂಜಿನೇ ಹಿರೇಬೆಣಕಲ್ ಊರಾಗ ಹೋಗಿ, ಗುಡಿ ಕಟ್ಟಿ ಮ್ಯಾಲ ಕುಂತ ಹಿರಿಯರನ್ನ ಕೇಳ್ರಿ. "ಕಾಕಾ, ಮೊರೇರ ಗುಡ್ಡಕ್ಕ ಕರ್ಕೊಂಡು ಹೋಗೋರು ಯಾರದಾರ್ರಿ?" ಅಂದ್ರ ಸಾಕು, ಕುರಿ ಮೇಸೋರೋ ಓದೋ ಹುಡುಗರೋ ಯಾರಾದ್ರೂ ಸಿಗ್ತಾರ. ಡಾಲ್ಮೆನ್ (ಕಲ್ಮನಿಗೆ ಇಂಗ್ಲಿಷ್ ಹೆಸರು) ಎಲ್ಲದಾವು ಅಂತ ಕೇಳಿದ್ರ ಕೆಲವರಿಗೆ ತಿಳಿಯಂಗಿಲ್ಲ, ಮೊರೇರ ಮನಿ, ಮೊರೇರ ಗುಡ್ಡ ಅಂದ್ರ ಸಣ್ಣ ಹುಡುಗ್ರೂ ಕೈ ಮಾಡಿ ತೋರಿಸ್ತಾವು.

ರೊಕ್ಕ ಎಷ್ಟು ಅನ್ನೋದು ಹಿಂದಿನ ದಿನವೇ ಮಾತಾಡ್ರಿ. ಒಬ್ರ ಅರ್ಧ ದಿನದ ಕೂಲಿ ಹೋಗ್ತೈತಿ ಅನ್ನೋದು ನೆನಪಿರ್ಲಿ, ಮ್ಯಾಲ ಹೋದ್ಮ್ಯಾಲ ಚೌಕಾಸಿ ಮಾಡ್ಬಾರ್ದು. ಅವರಿಗೂ ಬುತ್ತಿ, ನೀರು ನೀವೇ ಒಯ್ರಿ. ಅವರು ಇಲ್ಲಿ ಬ್ಯಾಡ ಅಂದ್ರ ಬ್ಯಾಡ, ಅವರ ಮಾತಿಗೆ ಎದುರು ವಾದ ಹಾಕ್ಬ್ಯಾಡ್ರಿ.

## 6. ಮೊದಲ ಸಂಜಿ: ಕೊಪ್ಪಳ

ನಾಲ್ಕು ಗಂಟೆ ಹೊತ್ತಿಗೆ ಗವಿಮಠ ಮುಟ್ರಿ. ಮಠದ ದರ್ಶನ ಮಾಡ್ಕೊಂಡು ಗುಡ್ಡ ಹತ್ತಿ ಅಶೋಕನ ಶಾಸನ ನೋಡ್ರಿ. ಗವಿಮಠದ್ದು, ಪಾಲ್ಕಿಗುಂಡಿಂದು ಎರಡೂ 1931ರಾಗ ಬೆಳಕಿಗೆ ಬಂದಾವು. ನಡುಮಧ್ಯಾಹ್ನ ಹೋದೋರು ಅಕ್ಷರ ಏನೂ ಕಾಣಂಗಿಲ್ಲ ಅಂತ ಬರ್ತಾರ. ಬಿಸಲು ನೆತ್ತಿ ಮ್ಯಾಲ ಇದ್ರ ತೆಳ್ಳಗ ಕೊರದ ಅಕ್ಷರ ಬಂಡಿಯಾಗ ಕಲಸಿಹೋಗ್ತಾವು, ಸಂಜಿ ಬೆಳಕು ಓರಿ ಆಗಿ ಬಿದ್ದಾಗ ಗೆರಿ ಒಳಗ ನೆರಳು ತುಂಬಿ ಸಾಲು ಸಾಲಾಗಿ ಎದ್ದು ಕಾಣ್ತಾವು. ಹೊತ್ತು ಮೀರಿದ್ರ ಟಾರ್ಚನ್ನ ಬಂಡಿಗೆ ಅಡ್ಡ ಹಿಡಿದು ನೋಡ್ರಿ. ಸುಣ್ಣದ ಪುಡಿ, ಚಾಕ್‌ಪೀಸ್ ತಿಕ್ಕೋದು ಮಾಡಲೇಬ್ಯಾಡ್ರಿ.

ಪಾಲ್ಕಿಗುಂಡು ಅಂದ್ರ ಎರಡು ಬಂಡಿ ಮ್ಯಾಲ ಒಂದು ದೊಡ್ಡ ಹಾಸುಗಲ್ಲು ಪಲ್ಲಕ್ಕಿ ಚಾವಣಿ ಹಂಗ ಕುಂತೈತಿ. ಅಲ್ಲಿಗೆ ಹತ್ತೋದು ಸ್ವಲ್ಪ ಕಷ್ಟ, ಬೆಳಕಿದ್ರ ಮಾತ್ರ ಹೋಗ್ರಿ. ಈ ಹತ್ತೋದ್ರಾಗ ಯಾರಿಗಾದ್ರೂ ಉಸಿರು ಭಾಳ ಹತ್ತಿದ್ರ, ಇಳಿಯೋವಾಗ ಕಾಲು ನಡುಗಿದ್ರ, ಅವರು ಮರುದಿನ ಹಿರೇಬೆಣಕಲ್‌ಗೆ ಬರೋದು ಬ್ಯಾಡ ಅಂತ ಅಲ್ಲೇ ತೀರ್ಮಾನ ಮಾಡ್ರಿ.

ಕತ್ತಲಾದ ಕೂಡ್ಲೇ ಗಂಗಾವತಿ ಕಡೆ ಹೊರಡ್ರಿ, ಹೋಗ್ತಾ ಹಿರೇಬೆಣಕಲ್ ಊರಾಗ ನಿಂತು ಮರುದಿನ ಜೊತಿ ಬರೋರನ್ನ ಗೊತ್ತು ಮಾಡ್ಕೊಳ್ರಿ. ಗಂಗಾವತಿ ಭತ್ತದ ಊರು, ಸುಗ್ಗಿ ಟೈಮಿನಾಗ ರಸ್ತೆ ಮ್ಯಾಲ ಭತ್ತದ ಟ್ರ್ಯಾಕ್ಟರ್ ಲೈಟಿಲ್ಲದ ಓಡ್ತಾವು, ಡ್ರೈವರ್‌ಗೆ ನಿಧಾನ ಅಂತ ಹೇಳ್ರಿ.

## 7. ಹಿರೇಬೆಣಕಲ್: ಬೆಳಕು ಹರದ ಕೂಡ್ಲೇ

ಐದೂವರಿಗೆ ರೂಮ್ ಬಿಟ್ರ ಆರಕ್ಕ ಊರಿಗೆ ಹೋಗ್ತೀರಿ. ಪೂರ್ತಿ ಬೆಳಕಾಗೋ ತನಕ ಗುಡ್ಡ ಹತ್ತಬ್ಯಾಡ್ರಿ, ಈ ಗುಡ್ಡಗಳಾಗ ಕರಡಿ, ಚಿರತಿ ಅದಾವು, ಅವು ತಿರುಗಾಡಿ ಗವಿಗೆ ವಾಪಸ್ ಹೋಗೋ ಹೊತ್ತು ಅದು.

ದಾರಿ ಕಲ್ಲು, ಮುಳ್ಳು, ನಡುವ ಬಂಡಿ ಹಾಸು. ಗುಂಪಿನ ನಡಿಗಿಗೆ ಹತ್ತಾಕ ಒಂದರಿಂದ ಒಂದೂವರೆ ತಾಸು ಇಟ್ಕೊಳ್ರಿ. ಅರ್ಧ ತಾಸಿಗೊಮ್ಮೆ ನಿಂತು ತಲಿ ಎಣಿಸ್ರಿ. ಒಂದೊಂದು ತಿರುವಿನಾಗೂ ಹಿಂದ ತಿರುಗಿ ಒಂದು ಫೋಟೋ ಹೊಡೀರಿ, ಯಾಕಂದ್ರ ಇಳಿಯೋವಾಗ ಅದ ದಾರಿ ಬ್ಯಾರೆನೇ ಕಾಣ್ತೈತಿ, ದಾರಿ ತಪ್ಪೋರು ಹೆಚ್ಚಾಗಿ ಇಳಿಯೋವಾಗ ತಪ್ತಾರ.

ದಾರಿಯಾಗ ಬಂಡಿ ಅಡಿ ಕೆಂಪು ಬಣ್ಣದ ಚಿತ್ರ ಸಿಗ್ತಾವು, ಮನುಷ್ಯರು, ಜಿಂಕಿ, ಕುದುರಿ. ಫೋಟೋದಾಗ ಬಣ್ಣ ಗಟ್ಟಿ ಬರ್ಲಿ ಅಂತ ಬಾಟಲಿ ನೀರು ಚಿಮುಕಿಸೋ ಮಂದಿ ಅದಾರ, ಹಂಗ ಮಾಡಿದ್ರ ನೀರಿನ ಜೊತಿ ಬಂಡಿಯಾಗಿನ ಉಪ್ಪು ಮ್ಯಾಲ ಬಂದು ಬಿಳಿ ಪೊರಿ ಕಟ್ತೈತಿ, ಸಾವಿರಾರು ವರ್ಷ ಉಳಿದ ಚಿತ್ರ ನಮ್ಮ ಒಂದು ಫೋಟೋಕ್ಕ ಮಾಸ್ತೈತಿ. ಗುಂಪಿನಾಗ ಯಾರೇ ಬಾಟಲಿ ಮುಚ್ಚಳ ತೆಗದ್ರೂ ತಡೀರಿ.

ಮ್ಯಾಲ ಹೋದ್ರ ಕಲ್ಮನಿಗಳು. ಎಲ್ಲಾ ಸೇರಿ ಸುಮಾರು 400 ಶಿಲಾ ರಚನೆ ಅದಾವು, 2021ರಾಗ ಯುನೆಸ್ಕೋ ತಾತ್ಕಾಲಿಕ ಪಟ್ಟಿಗೂ ಸೇರ್ಯಾವು. ಒಂದರ ಮುಂದ ಕುಂತು ನಿಧಾನಕ್ಕ ನೋಡ್ರಿ. ಮೂರು ಕಡೆ ಹಾಸುಗಲ್ಲು ನಿಲ್ಲಿಸಿ, ಒಂದರ ಅಂಚು ಇನ್ನೊಂದಕ್ಕ ಆನಿಸಿ, ಮ್ಯಾಲ ಒಂದು ಅಗಲ ಕಲ್ಲು ಹೊದಿಸ್ಯಾರ. ಗಾರಿ ಇಲ್ಲ, ಸುಣ್ಣ ಇಲ್ಲ, ಕಲ್ಲಿನ ಭಾರಕ್ಕ ಕಲ್ಲು ನಿಂತೈತಿ. ಕೆಲವಕ್ಕ ಮುಂದಿನ ಕಲ್ಲಿನಾಗ ದುಂಡಗ ಕಿಂಡಿ ಕೊರದಾರ, ಅಂಚು ಬೆರಳಾಡಿಸಿದ್ರ ಇವತ್ತೂ ನುಣುಪು. ಕಬ್ಬಿಣಯುಗದ ಮಂದಿ ಸತ್ತೋರ ನೆನಪಿಗೆ ಕಟ್ಟಿದ್ದು ಇವು. ಅದಕ್ಕ ಹೊದಿಕಿ ಕಲ್ಲಿನ ಮ್ಯಾಲ ಹತ್ತಿ ನಿಂತು ಫೋಟೋ ಬ್ಯಾಡ. ಒಂದು ಆಸರಿ ಕಲ್ಲು ಸರಿದ್ರ ಇಡೀ ಮನಿನೇ ಕುಸೀತೈತಿ, ನಿಮ್ಮ ಕಾಲ ಮ್ಯಾಲೇ ಕುಸೀತೈತಿ.

ಎತ್ತರದ ಬಂಡಿ ಮ್ಯಾಲ ನಗಾರಿ ಆಕಾರದ ದೊಡ್ಡ ಕಲ್ಲು ಐತಿ, ಬಡದ್ರ ನಾದ ದೂರಕ್ಕ ಕೇಳ್ತೈತಿ. ಬಂದೋರೆಲ್ಲಾ ಕಲ್ಲು ತಗೊಂಡು ಬಡದು ಬಡದು ಅದರ ಮೈಯೆಲ್ಲಾ ಗಾಯ ಆಗೈತಿ. ಅಲ್ಲಿಗೆ ಹತ್ತೋದೂ ಅಪಾಯ, ಹಿಡ್ಕೊಳ್ಳಾಕ ಏನೂ ಇಲ್ಲ. ಕೆಳಗ ನಿಂತು ನೋಡಿದ್ರ ಸಾಕು.

ಇದೆಲ್ಲಾ ಪುರಾತತ್ವ ಇಲಾಖೆ ರಕ್ಷಣೆಯೊಳಗಿನ ಜಾಗ. ಸ್ಮಾರಕಕ್ಕ ಹಾನಿ ಮಾಡಿದ್ರ, ಹೆಸರು ಕೆತ್ತಿದ್ರ 2 ವರ್ಷದ ತನಕ ಜೈಲು ಇಲ್ಲಾ 1 ಲಕ್ಷ ರೂಪಾಯಿ ತನಕ ದಂಡ, ಎರಡೂ ಆಗಬಹುದು. ಪರ್ಮಿಷನ್ ಇಲ್ಲದ ಡ್ರೋನ್ ಹಾರಿಸಂಗಿಲ್ಲ.

ಒಂಬತ್ತೂವರಿಗೆ ಇಳಿಯಾಕ ಶುರು ಮಾಡ್ರಿ, ಇನ್ನೂ ನೋಡೋದು ಉಳದ್ರೂ ಸರಿ. ನೀರು ಅರ್ಧ ಖಾಲಿ ಆತಂದ್ರ ಟೈಮ್ ಎಷ್ಟೇ ಆಗಿರ್ಲಿ, ಇಳಿಯೋ ಹೊತ್ತು ಬಂತು ಅಂತನ ಅರ್ಥ.

## 8. ಅಪಾಯದ ಗುರುತು

ಬಿಸಲು: ತಲಿನೋವು, ವಾಂತಿ ಬಂದಂಗ ಆಗೋದು, ಕಾಲು ಸೆಳೆತ ಶುರು ಆದ್ರ ನೆರಳಿಗೆ ಕುಂಡ್ರಿಸಿ ಓಆರ್‌ಎಸ್ ಗುಟುಕು ಗುಟುಕು ಕುಡಿಸ್ರಿ. ಮಾತು ತೊದಲಿದ್ರ, ಮೈ ಸುಡ್ತಿದ್ರ, ಕೇಳಿದ್ದಕ್ಕ ಹೊಂದಿಲ್ಲದ ಉತ್ತರ ಕೊಟ್ರ ಅದು ಎಮರ್ಜೆನ್ಸಿ. ಅಂಗಿ ಸಡಿಲ ಮಾಡಿ ಮೈಮ್ಯಾಲ ನೀರು ಹಾಕಿ ಗಾಳಿ ಬೀಸ್ರಿ, 108ಕ್ಕ ಫೋನ್ ಮಾಡ್ರಿ, ಎಚ್ಚರ ಸರಿ ಇಲ್ಲದೋರ ಬಾಯಿಗೆ ನೀರು ಹಾಕ್ಬ್ಯಾಡ್ರಿ.

ಹೆಜ್ಜೇನು: ದೊಡ್ಡ ಬಂಡಿ ಅಂಚಿನ ಕೆಳಗ ಕರಿ ಜೇನುಹುಟ್ಟು ಜೋತು ಬಿದ್ದಿದ್ರ ದೂರದಿಂದನ ದಾರಿ ಬದಲಿಸ್ರಿ. ಬೀಡಿ, ಸಿಗರೇಟು, ಘಮಾಘಮಾ ಸೆಂಟು, ಕಲ್ಲು ತೂರೋದು ಯಾವುದೂ ಬ್ಯಾಡ. ಎದ್ವು ಅಂದ್ರ ಮುಖ-ಕುತ್ತಿಗಿ ಮುಚ್ಕೊಂಡು ದೂರ ಓಡ್ರಿ, ಹೊಂಡಕ್ಕ ಹಾರಬ್ಯಾಡ್ರಿ.

ಕರಡಿ: ಹೊಸ ಹಿಕ್ಕಿ, ಕೆದರಿದ ಹುತ್ತ ಕಂಡ್ರ ಗುಂಪು ಒತ್ತಟ್ಟಿಗೆ ಸೇರಿ, ಜೋರಾಗಿ ಮಾತಾಡ್ತಾ ನಡೀರಿ. ಗವಿ ಒಳಗ ಇಣುಕಬ್ಯಾಡ್ರಿ. ಎದುರಿಗೆ ಬಂದ್ರ ಬೆನ್ನು ತೋರಿಸಿ ಓಡಬಾರ್ದು, ಅದನ್ನ ನೋಡ್ತಾನೇ ನಿಧಾನಕ್ಕ ಹಿಂದ ಸರೀಬೇಕು.

ಹಾವು: ಬಂಡಿ ಸಂದಿಯಾಗ ಕಣ್ಣಿಗೆ ಕಾಣದ ಕೈ ಇಡಬ್ಯಾಡ್ರಿ. ಕಚ್ಚಿದ್ರ ಕೊಯ್ಯೋದು, ಹೀರೋದು, ಬಿಗಿಯಾಗಿ ಕಟ್ಟೋದು ಬ್ಯಾಡ, ಆ ಕಾಲು ಅಲ್ಲಾಡಿಸದಂಗ ಹೊತ್ಕೊಂಡು ಇಳಿಸಿ ಸೀದಾ ಗಂಗಾವತಿ ಸರ್ಕಾರಿ ದವಾಖಾನಿಗೆ ಒಯ್ರಿ.

## 9. ಮಧ್ಯಾಹ್ನ ರೆಸ್ಟ್, ಸಂಜಿ ಆನೆಗೊಂದಿ

ಗಂಗಾವತಿಗೆ ಬಂದು ರೊಟ್ಟಿ, ಎಣ್ಣಿಗಾಯಿ ಉಂಡು ನಾಲ್ಕರ ತನಕ ಮಲಗ್ರಿ. ಇದನ್ನ ವೇಸ್ಟ್ ಟೈಮ್ ಅಂತ ಬಿಟ್ಟೋರು ಮರುದಿನ ಅಂಜನಾದ್ರಿ ಅರ್ಧಕ್ಕ ಕುಂಡ್ರತಾರ.

ಸಂಜಿಗೆ ಆನೆಗೊಂದಿಯಾಗ ಗಾಡಿ ನಿಲ್ಲಿಸಿ ನಡದೇ ಅಡ್ಡಾಡ್ರಿ: ಗಗನ ಮಹಲ್, ರಂಗನಾಥ ಗುಡಿ, ಹೊಳಿ ದಂಡಿ ಚಿಂತಾಮಣಿ ಗುಡಿ. ಬಾಳಿ ನಾರಿನಿಂದ ಚೀಲ, ಚಾಪಿ ಮಾಡೋ ಹೆಣ್ಮಕ್ಕಳು ಅದಾರ, ಕೊಳ್ಳೋದಿದ್ರ ಅವರ ಹತ್ರನೇ ಕೊಳ್ರಿ. ಮನಿ ಮುಂದ ಕುಂತೋರ ಫೋಟೋ ಕೇಳದ ತೆಗೀಬ್ಯಾಡ್ರಿ.

ಉಳಿಯೋಕ ಊರೊಳಗಿನ ಹೋಮ್‌ಸ್ಟೇ ನೋಡ್ರಿ, ಪರವಾನಗಿ ಐತೇನು ಅಂತ ಬುಕ್ ಮಾಡೋ ಮೊದಲೇ ಕೇಳ್ರಿ. ಹಳೇ ವಿಡಿಯೋ ನೋಡಿ ವಿರುಪಾಪುರ ಗಡ್ಡಿಯಾಗ ರೆಸಾರ್ಟ್ ಹುಡುಕೋರು ಇನ್ನೂ ಅದಾರ, ಸುಪ್ರೀಂ ಕೋರ್ಟ್ ಆದೇಶ ಬಂದ್ಮ್ಯಾಲ 2020ರಾಗ ಅವನ್ನ ಕೆಡವ್ಯಾರ. ರಾತ್ರಿ ಕಾಲುವಿ ದಂಡಿ, ಕೆರಿ ದಂಡಿ ಮ್ಯಾಲ ಹೋಗಿ ಕುಂಡ್ರೋದು ಬ್ಯಾಡ, ಮಂದಿನೂ ಇರಂಗಿಲ್ಲ, ಲೈಟೂ ಇರಂಗಿಲ್ಲ.

## 10. ಕೊನೇ ಮುಂಜಾನೆ: ಅಂಜನಾದ್ರಿ, ಹೊಳಿ

575 ಮೆಟ್ಟಿಲು. ಐದೂವರಿ-ಆರಕ್ಕ ಹತ್ತಾಕ ಶುರು ಮಾಡಿದ್ರ ಬಿಸಲು ಏರೋದ್ರೊಳಗ ಇಳೀತೀರಿ. ಬರಿಗಾಲಿಲೆ ಹತ್ತೋರು ಭಾಳ, ಹತ್ತು ಗಂಟೆ ಮ್ಯಾಲ ಆದ್ರ ಮೆಟ್ಟಿಲ ಮ್ಯಾಲ ಕಾಲು ಇಡಾಕ ಆಗಂಗಿಲ್ಲ. ಚಷ್ಮಾ, ಮೊಬೈಲು ಜೋಪಾನ, ಮಂಗ್ಯಾ ಕಸ್ಕೊಂಡ್ರ ಬೆನ್ನು ಹತ್ತಿ ಓಡಬ್ಯಾಡ್ರಿ, ಮೆಟ್ಟಿಲಿಂದ ಉರುಳೋದು ಅದಕ್ಕ.

ಇಳದು ನಾಷ್ಟಾಕ್ಕ ಮಂಡಕ್ಕಿ-ಮಿರ್ಚಿ ತಿಂದು ಪಂಪಾ ಸರೋವರ, ಶಕ್ತಿ ಇದ್ರ ದುರ್ಗಾ ಬೆಟ್ಟ. ಆಮ್ಯಾಲ ಆನೆಗೊಂದಿಯಿಂದ ದೋಣಿಯಾಗ ನವಬೃಂದಾವನ. ದೋಣಿಯೋರು ಹೇಳಿದಷ್ಟೇ ಮಂದಿ ಹತ್ರಿ, ಲೈಫ್ ಜಾಕೆಟ್ ಕೇಳಿ ಹಾಕ್ಕೊಳ್ರಿ, ಅಲ್ಲಿ ಬೃಂದಾವನದ ಸುತ್ತ ಹಾಕಿದ ಗೆರಿ ದಾಟಬ್ಯಾಡ್ರಿ.

ಹೊಳಿಗೆ ಇಳಿದು ಈಜೋದು, ಬಂಡಿ ಮ್ಯಾಲಿಂದ ಹಾರೋದು ಖಂಡಿತ ಬ್ಯಾಡ. ಮ್ಯಾಲ ಸುಮ್ಮನ ಕಾಣೋ ನೀರು ಕೆಳಗ ಬಂಡಿ ಸಂದಿಯಾಗ ಎಳೀತೈತಿ, ಈಜು ಬರೋರೇ ಇಲ್ಲಿ ಸತ್ತಾರ. ಮೊಸಳಿನೂ ಅದಾವು. ಇದೇ ತುಂಗಭದ್ರಾದ ಮುದ್ಲಾಪುರದಿಂದ ಕಂಪ್ಲಿ ತನಕ 34 ಕಿಲೋಮೀಟರ್ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ ಐತಿ, ದಂಡಿ ಮ್ಯಾಲ ಪ್ಲಾಸ್ಟಿಕ್, ಬಾಟಲಿ ಒಂದೂ ಬಿಡಬ್ಯಾಡ್ರಿ.

ಡ್ಯಾಂ ನೀರು ಬಿಟ್ಟು ದೋಣಿ ಬಂದ್ ಇದ್ರ ದೋಣಿಯೋರಿಗೆ ಜಾಸ್ತಿ ರೊಕ್ಕ ತೋರಿಸಿ ಒತ್ತಾಯ ಮಾಡ್ಬ್ಯಾಡ್ರಿ. ಆ ಹೊತ್ತಿನಾಗ ಕೊಪ್ಪಳ ಕಡೆ ವಾಪಸ್ ಹೋಗ್ತಾ ಕಿನ್ನಾಳಕ್ಕ ಹೋಗ್ರಿ, ಚಿತ್ರಗಾರರ ಮನಿಯಾಗ ಹಗುರ ಕಟ್ಟಿಗಿಯಿಂದ ಗೊಂಬಿ ಮಾಡಿ ಬಣ್ಣ ಹಚ್ಚೋದನ್ನ ಕುಂತು ನೋಡಬಹುದು. ಹೋಗೋ ಮೊದಲು ಫೋನ್ ಮಾಡಿ ಕೆಲಸ ನಡದೈತೇನು ಕೇಳ್ರಿ, ಊಟದ ಹೊತ್ತಿನಾಗ ಎಂಟು ಮಂದಿ ಒಮ್ಮೆಲೆ ಮನಿಗೆ ನುಗ್ಗೋದು ಬ್ಯಾಡ. ಕೊಪ್ಪಳದಾಗ ಟ್ರೇನ್ ಹಿಡಿಯೋರು ಟೈಮಿಗಿಂತ ಒಂದು ತಾಸು ಮೊದಲು ಕಿನ್ನಾಳ ಬಿಡ್ರಿ.